ದುಪ್ಪಟ್ಟು ವೇಗದಲ್ಲಿ ಅಕ್ಕ

ಫ್ಯಾನು ಇಷ್ಟು ನಿಧಾನ ತಿರುಗುತ್ತದೆಯೇ, ಒಂದೊಂದು ರೆಕ್ಕೆಯೂ ಕಾಣುತ್ತಿದೆ, ಡಾಕ್ಟರು ಹೇಳಿದ ಹಾಗೆ ಸುಮ್ಮನೆ ಕೂತಿದ್ದೇನೆ, ಎದೆ ಮಾತ್ರ ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಲೇ ಇದೆ — ಒಂದು ವಾರ ರಜ ಹಾಕಿ, ಏನು ಮಾಡಿದ್ರೂ ನಿಧಾನಕ್ಕೆ ಮಾಡಿ, ಊಟ, ಸ್ನಾನ, ಮಾತು, ಎಲ್ಲ — ಹೇಳುವುದು ಸುಲಭ, ಕೋರ್ಟಿನ ವಿಚಾರಣೆಗಳನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವವಳು ನಾನು, ಸಾಕ್ಷಿಗಳು ಕೆಮ್ಮುತ್ತಾರೆ, ವಕೀಲರು ಎಳೆಯುತ್ತಾರೆ, ದುಪ್ಪಟ್ಟು ವೇಗಕ್ಕಿಟ್ಟು ಕೇಳಿದರೇನೇ ಸಂಜೆಯೊಳಗೆ ಕೆಲಸ ಮುಗಿಯುವುದು, ಆ ಚಾಳಿ ಮನೆಗೂ ಬಂತು, ನನ್ನ ಕೆನ್ನೆ ಮೇಲೂ ವೇಗ ಹೆಚ್ಚಿಸೋ ಗುಂಡಿ ಹುಡುಕ್ತೀಯಲ್ಲೇ ಅಂತ ಗಂಡ ಗೇಲಿ ಮಾಡುತ್ತಾನೆ, ಅಕ್ಕ ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸುವ ಮಾತುಗಳನ್ನೂ ಹಾಗೇ, ಪಾತ್ರೆ ಉಜ್ಜುತ್ತಾ, ಮೆಟ್ಟಿಲಿಳಿಯುತ್ತಾ ಪಟಪಟನೆ ಕೇಳಿ, ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುವುದು, ಒಬ್ಬಳೇ ಇದ್ದರೂ ಅಕ್ಕ ಗಟ್ಟಿಗಿತ್ತಿ, ಅವಳಿಗೇನಾಗುತ್ತದೆ.

ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಇವತ್ತು ವೇಗ ಇಳಿಸಿ ಅವಳ ನಿನ್ನೆಯ ಮಾತನ್ನು ಮತ್ತೆ ಹಾಕಿದೆ, ಫೋನೇ ಕೆಟ್ಟಿದೆ ಅಂದುಕೊಂಡೆ, ಪುಟ್ಟೀ — ಆಮೇಲೆ ಏನೂ ಇಲ್ಲ, ಬರೀ ಉಸಿರು — ಕೈಯಿಂದ — ಮತ್ತೆ ಉಸಿರು — ಲೋಟ ಜಾರ್ತು ಕಣೇ, ಇದನ್ನೇ ಅಲ್ಲವೇ ನಿನ್ನೆ ಕೇಳಿ ನಕ್ಕದ್ದು, ಅಕ್ಕನದು ಯಾವಾಗಲೂ ಆತುರ ಅಂತ, ತೊದಲುವ ಅಕ್ಕ ಎರಡು ಪಟ್ಟು ಓಡಿದಾಗ ಹಳೆಯ ಚುರುಕು ಅಕ್ಕನೇ ಆಗಿಬಿಡುತ್ತಿದ್ದಳು, ಅಯ್ಯೋ, ಹಿಂದಿನದನ್ನು ಹಾಕಿದೆ, ಅದರ ಹಿಂದಿನದನ್ನು, ಯಾವಾಗಿನಿಂದ ಹೀಗೆ, ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ, ಬಲಗೈ ಹೇಳಿದ ಮಾತು ಕೇಳ್ತಿಲ್ಲ, ಬಿಡುವಾದಾಗ ಬಂದು ಹೋಗ್ತೀಯಾ — ಬಿಡುವಾದಾಗ ಅಂದಳಲ್ಲ, ಅದಕ್ಕೂ ಹೆಬ್ಬೆರಳು ಒತ್ತಿದ್ದೇನೆ, ಆ ಬಲಗೈ, ಬಿಸಿ ಹಾಲಿನ ಲೋಟವನ್ನು ಒಂದು ಹನಿ ತುಳುಕಿಸದೆ ನನ್ನ ಬಾಯಿಗೆ ಹಿಡಿಯುತ್ತಿದ್ದ ಕೈ, ಅದರಿಂದ ಲೋಟ ಜಾರುತ್ತದೆ, ಅವಳ ಫೋನು ರಿಂಗಾಗುತ್ತಿದೆ, ಎತ್ತೇ ಅಕ್ಕ, ಒಂದು ಕಾಲಿಗೆ ಚಪ್ಪಲಿ ಸಿಕ್ಕಿದೆ, ಇನ್ನೊಂದು ಎಲ್ಲಿ ಹೋಯಿತು, ಆಂಬುಲೆನ್ಸ್ ಕರೆಯಲೇ, ಮೊದಲು ಎತ್ತಲಿ, ಎತ್ತಿದಳು, ಅಕ್ಕಾ, ನಾನು ಕಣೇ — ಏನೂ ಇಲ್ಲ, ಉಸಿರಿದೆ, ಈ ಮೌನವನ್ನು ಓಡಿಸಲು ಗುಂಡಿಯಿಲ್ಲ, ಅವಸರ ಬೇಡ, ನಿಧಾನಕ್ಕೆ ಹೇಳು, ಕೇಳಿಸ್ಕೋತಿದೀನಿ — ಪು — ಅಷ್ಟೇ ಬಂತು, ನನ್ನ ಕಣ್ಣ ಮುಂದೆ ಅವಳ ಕೈಯಿಂದ ಲೋಟ, ಜಾರುತ್ತಿದೆ ಲೋಟ, ಇನ್ನೂ ನೆಲ ಮುಟ್ಟಿಲ್ಲ