ಫಲಕದ ಮೇಲೆ ನಮ್ಮ ಕಡೆಯವಳು

ನಮ್ಮ ಬಡಾವಣೆಯ ರೈಲು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಒಂದು ದೊಡ್ಡ ಫಲಕ. ಅದರ ಮೇಲೆ ಆರು ಜನ ಸಾಲಾಗಿ ನಿಂತು ನಗುತ್ತಿದ್ದರು. ಕೆಳಗೆ ‘ಬನ್ನಿ, ನಾವೆಲ್ಲ ಇಲ್ಲೇ ಇದ್ದೇವೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಡಗಡೆಯಲ್ಲಿ ಮೊದಲನೆಯವಳು ಬೇಕರಿಯಾಕೆ, ಮುಖದ ತುಂಬ ಕಂದು ಚುಕ್ಕೆಗಳಿರುವ ಬಿಳಿ ಹೆಂಗಸು. ನಿಲ್ದಾಣ ಕಟ್ಟಿದ ಕಾಲದಿಂದ ಇಲ್ಲಿರುವವರು ಅವಳ ಜನ, ಇಲ್ಲಿ ಅರ್ಧಕ್ಕರ್ಧ ಅವರೇ. ಪಕ್ಕದಲ್ಲಿ ಗುಂಗುರು ಕೂದಲಿನ ಕಪ್ಪು ಮೆಕ್ಯಾನಿಕ್. ಏರಿನ ಬೀದಿಯುದ್ದಕ್ಕೂ ಅವನ ಅಣ್ಣತಮ್ಮಂದಿರ ಮನೆಗಳು. ಆಮೇಲೆ ದ್ವೀಪದ ಕಡೆಯ ನರ್ಸು, ಪರ್ವತದ ಕಡೆಯ ಗಡಿಯಾರ ರಿಪೇರಿ ತಾತ, ಅಪ್ಪ ಒಂದು ಕಡೆಯವನಾಗಿ ಅಮ್ಮ ಇನ್ನೊಂದು ಕಡೆಯವಳಾದ ಪೋಸ್ಟ್‌ಮ್ಯಾನ್. ಕೊನೆಗೆ ನಾನು, ನಾನೇ ಹೊಲಿದ ನೀಲಿ ಕೋಟಿನಲ್ಲಿ.

ಇಡೀ ಬಡಾವಣೆಗೆ ನಮ್ಮ ಕಡೆಯವರದು ಒಂದೇ ಮನೆ. ಹಾಗಾಗಿ ನಿವಾಸಿಗಳ ಸಂಘದವರಿಗೆ ‘ನಮ್ಮಲ್ಲಿ ಎಲ್ಲರೂ ಇದ್ದಾರೆ’ ಎಂದು ತೋರಿಸಬೇಕಾದಾಗಲೆಲ್ಲ ನನಗೇ ಕರೆ. ಗ್ರಂಥಾಲಯದ ರಿಬ್ಬನ್ನು ಕತ್ತರಿಸಲು ನಾನು, ಪಾರ್ಕಿನಲ್ಲಿ ಗಿಡ ನೆಡಲು ನಾನು, ಹೊಸ ಬಸ್ಸನ್ನು ಮೊದಲು ಹತ್ತಲು ನಾನು. ಆ ಬಸ್ಸಿನ ಡ್ರೈವರು ನಮ್ಮ ಯಜಮಾನರೇ. “ಅಮ್ಮಾವ್ರೇ, ಟಿಕೆಟ್ ತಗೊಳ್ಳಿ” ಎಂದು ಎಲ್ಲರೆದುರಿಗೆ ಕಿಚಾಯಿಸಿದ್ದರು. ಇದೆಲ್ಲ ನನಗೆ ತಲೆನೋವು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಶುದ್ಧ ಸುಳ್ಳು. ಬೆಳಗ್ಗೆ ಆ ಫಲಕದ ಮುಂದೆ ಹಾದು ಬರದಿದ್ದರೆ ನನಗೆ ಕುಡಿದ ಚಹಾ ಮೈಗೆ ಹತ್ತುತ್ತಿರಲಿಲ್ಲ.

ನಿಲ್ದಾಣದ ಪಕ್ಕದ ಗಲ್ಲಿಯಲ್ಲಿ ನನ್ನ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಹಾಕುವುದು, ಕೋಟಿನ ಅಂಚು ಮಡಿಸುವುದು. ಒಂದು ಮಧ್ಯಾಹ್ನ ಮಷಿನ್ ದಾರ ನುಂಗಿತೆಂದು ನಮ್ಮ ಭಾಷೆಯಲ್ಲೇ ಅದಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ಬಾಗಿಲಲ್ಲಿ ಯಾರೋ ಕಿಲಕಿಲ ನಕ್ಕರು.

“ಅಕ್ಕಾ! ಈ ಬೈಗುಳ ಕೇಳಿ ಎಷ್ಟು ದಿನ ಆಗಿತ್ತು! ಇನ್ನೊಂದ್ಸಲ ಬೈರಿ!”

ಕನ್ನಡಕದ ಅಂಗಡಿಗೆ ಕಣ್ಣು ಪರೀಕ್ಷೆ ಮಾಡಲು ಹೊಸದಾಗಿ ಬಂದವಳಂತೆ. ಗಂಡನೊಂದಿಗೆ ಕೆರೆ ಬೀದಿಯಲ್ಲಿ ಮನೆ ಹಿಡಿದಿದ್ದಳು. ನಮ್ಮ ಭಾಷೆ ಮನೆಯಾಚೆ ಇನ್ನೊಂದು ಬಾಯಿಯಿಂದ ಕೇಳಿದ್ದೇ ತಡ, ಎದ್ದು ಬಾಗಿಲಿಗೆ ಓಡಿದೆ. ಕೈ ಹಿಡಿದು ಒಳಗೆ ಕರೆದು ಕೂರಿಸಿದೆ. ಕೂರಿಸಿದ ಮೇಲೆ ನೋಡಿದೆ ನೋಡಿ, ಅಲ್ಲಿಗೆ ಮುಗಿಯಿತು. ನನಗಿಂತ ಒಂದು ಗೇಣು ಎತ್ತರ. ಚಿಕ್ಕ ವಯಸ್ಸು. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಗಿಡ್ಡ ಕೂದಲು. ಮೂಗು ನೇರ, ಅಚ್ಚುಕಟ್ಟು. ನನ್ನದು ದೇವರು ಅವಸರದಲ್ಲಿ ಅಂಟಿಸಿದ್ದು, ಅದರ ಮೇಲೆ ಕನ್ನಡಕದ ಭಾರ ಬೇರೆ. ಅಷ್ಟರಲ್ಲಿ ರೈಲಿಳಿದ ಗಿರಾಕಿಯೊಬ್ಬ ಜಿಪ್ಪು ಹೋದ ಜಾಕೆಟ್ ತಂದ. ಇವಳು ಈ ಊರಿನ ಮಾತನ್ನು ನೀರು ಕುಡಿದಷ್ಟು ಸಲೀಸಾಗಿ ಆಡಿದಳು. ಇಷ್ಟು ವರ್ಷವಾದರೂ ನನ್ನ ನಾಲಿಗೆ ಆ ಮಾತಿನಲ್ಲಿ ಕುಂಟುತ್ತದೆ. ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

“ನಮ್ಮ ಭಾಷೆ ಆಡೋಳು ಬಂದ್ಲಲ್ಲ, ಇನ್ನು ನನ್ನ ಕಿವಿಗೆ ರಜಾ” ಎಂದರು ಯಜಮಾನರು ರಾತ್ರಿ ಊಟಕ್ಕೆ ಕೂತು.

“ನೀವು ಸುಮ್ನೆ ಅನ್ನ ತಿನ್ನಿ.”

“ಏನು, ಚೆನ್ನಾಗಿದಾಳಾ?”

“ನಾನೇನು ನೋಡೋಕೆ ಹೋಗ್ಲಿಲ್ಲ” ಎಂದೆ. ಅವರು ತಟ್ಟೆಯೊಳಗೇ ನಕ್ಕರು.

ಬಿಸಿಲಿಗೆ ಹಳೆಯ ಫಲಕದ ಬಣ್ಣ ಹೋಗಿತ್ತು. ಬೇಕರಿಯಾಕೆ ಇನ್ನಷ್ಟು ಬೆಳ್ಳಗಾಗಿ, ಮೆಕ್ಯಾನಿಕ್ ಬೂದಿಯಾಗಿ, ನನ್ನ ನೀಲಿ ಕೋಟು ತೊಳೆದ ಒರೆಸುಬಟ್ಟೆಯಾಗಿತ್ತು. ಭಾನುವಾರ ಪಾರ್ಕಿನಲ್ಲಿ ಹೊಸ ಫೋಟೋ ತೆಗೆಯುತ್ತಾರೆಂಬ ಸುದ್ದಿ ಬಂತು. ಕರೆಯುವ ಕೆಲಸ ಸಂಘದ ಅಧ್ಯಕ್ಷೆಯದು. ಹಿಂದೆ ಮಕ್ಕಳಿಗೆ ಈಜು ಕಲಿಸುತ್ತಿದ್ದಾಕೆ. ಆ ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ನಾನು ಅವಳಿಗಿಟ್ಟ ಹೆಸರು ಸೀಟಿಯಮ್ಮ. ಅವಳು ಬಾಯಿ ಬಿಟ್ಟು ಹೇಳುವ ಮೊದಲೇ ನಾನು ಹಸಿರು ಉಣ್ಣೆ ಬಟ್ಟೆ ತಂದು ಹೊಸ ಕೋಟು ಹೊಲಿಯಲು ಕೂತಿದ್ದೆ. ಕಾಲರಿಗೆ ಕೈಹೊಲಿಗೆ, ಗುಂಡಿಗೆ ಅದೇ ಬಟ್ಟೆಯ ಹೊದಿಕೆ. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಸೀಟಿಯಮ್ಮನೇ ಎಂದು ತಲೆ ಎತ್ತುತ್ತಿದ್ದೆ. ಅವಳು ಬರಲಿಲ್ಲ.

ಶನಿವಾರ ಬಂದವಳು ಈ ಕಣ್ಣು ಪರೀಕ್ಷೆಯವಳು, ತೋಳ ಮೇಲೆ ಒಂದು ಕಡುಕೆಂಪು ಕೋಟು.

“ಅಕ್ಕಾ, ಇದರ ಅಂಚು ಸ್ವಲ್ಪ ಮೇಲೆ ಮಾಡಿಕೊಡ್ತೀರಾ? ನಾಳೆಗೆ ಬೇಕಿತ್ತು. ಸಂಘದ ಅಧ್ಯಕ್ಷೆ ಪ್ಲಾಟ್‌ಫಾರ್ಮಲ್ಲಿ ಸಿಕ್ಕಿ ಫೋಟೋಗೆ ನೀವು ಬರಲೇಬೇಕು ಅಂದ್ರು. ನಾನು ಮೊನ್ನೆ ಮೊನ್ನೆ ಬಂದೋಳು, ನನ್ನ ಗುರುತು ಹೇಗೆ ಹಿಡಿದ್ರೋ! ನೀವೂ ಬರ್ತೀರಲ್ವಾ?”

ಗಾಯಕ್ಕೆ ಉಪ್ಪು ಸವರುವುದು ಎಂದರೆ ಇದೇ. ನನ್ನ ಹಸಿರು ಕೋಟು ಅವಳ ಬೆನ್ನ ಹಿಂದೆಯೇ ಗೂಟಕ್ಕೆ ನೇತಾಡುತ್ತಿತ್ತು. ಒಂದು ಕಡೆಯವರಿಗೆ ಒಂದೇ ಜಾಗ ಎಂಬುದು ಸಂಘದ ಲೆಕ್ಕ, ನನಗೆ ಗೊತ್ತಿಲ್ಲದ್ದೇನಲ್ಲ. ಅಂದರೆ ನಾನು ಹಳೆಯ ಬಣ್ಣದ ಜೊತೆಗೇ ಹೋದೆ. ಅವಳಿಗೆ ಕೋಟು ಹಾಕಿಸಿ, ಮಂಡಿಯೂರಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಂಚಿನ ಸುತ್ತ ಚುಚ್ಚುತ್ತ ಬಂದೆ. ಅವಳ ಕಾಲಿಗೆ ಒಂದು ತಗುಲಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ. ಆದರೆ ಕೈ ಕಲಿತ ಕೆಲಸ, ಒಂದೂ ತಗುಲಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುವ ಹೊಲಿಗೆ ಅದು.

“ಮಷಿನ್ ಕೆಟ್ಟಿದೆ. ಸೋಮವಾರ ಬಾ” ಎಂದೆ.

“ಅಯ್ಯೋ ಅಷ್ಟೇನಾ? ಪಿನ್ನು ಹಾಗೇ ಇರ್ಲಿ ಬಿಡಿ ಅಕ್ಕ, ಹೀಗೇ ಹಾಕ್ಕೊಂಡು ಹೋಗ್ತೀನಿ. ಫೋಟೋದಲ್ಲಿ ಯಾರಿಗೆ ಕಾಣುತ್ತೆ?” ಎಂದು ನಕ್ಕುಕೊಂಡೇ ಹೊರಟಳು. ಅವಳು ಮೂಲೆ ತಿರುಗುವವರೆಗೆ ಕಾದು ಮಷಿನ್ ತುಳಿದೆ.

ಭಾನುವಾರ ಪಾರ್ಕಿನ ಕಡೆಯಿಂದ ಸೀಟಿ ಕೇಳಿಸಿತು. “ಹೋಗಿ ಪಕ್ಕದಲ್ಲಿ ನಿಂತ್ಕೊಂಡ್ರೆ ಯಾರು ಬೇಡ ಅಂತಾರೆ?” ಎಂದರು ಯಜಮಾನರು.

“ಕರೀದೆ ಹೋಗೋಕೆ ನನಗೇನು ಮಾನ ಮರ್ಯಾದೆ ಇಲ್ವಾ?” ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹೊಸ ಫಲಕ ನಿಂತಿತು. ನಾನು ನಿಲ್ದಾಣದ ಹಿಂದಿನ ಓಣಿ ಬಳಸಿ ಅಂಗಡಿಗೆ ಹೋಗತೊಡಗಿದೆ. ಅವಳ ಮುಖ ಅಷ್ಟು ದೊಡ್ಡದಾಗಿ ನೋಡುವ ಕರ್ಮ ನನಗೇಕೆ? ಆದರೆ ಬ್ರೆಡ್ಡು ಬೇಕಲ್ಲ, ಬೇಕರಿಗೆ ಹೋಗಲೇಬೇಕಾಯಿತು.

“ಹೊಸ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿದೀರಿ!” ಎಂದಳು ಬೇಕರಿಯಾಕೆ. “ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರಿ. ಅಲ್ಲಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊರಿಗೆಲ್ಲ ಹೊಲಿದು ಕೊಡೋರು ನಿಮ್ಮ ಕೋಟಿಗೇ ಪಿನ್ನಾ?”

ನನಗೆ ಅರ್ಥವಾಗಲಿಲ್ಲ. ಹೊರಗೆ ಬಂದರೆ ಮೆಕ್ಯಾನಿಕ್ ಕಾರಿನಡಿಯಿಂದ ತಲೆ ಹೊರಗೆ ಹಾಕಿದ. “ಏನಕ್ಕಾ, ದಾರ ಖಾಲಿನಾ?” ಎಂದು ಹಲ್ಲು ಬಿಟ್ಟ. ನಾನು ನೇರ ನಿಲ್ದಾಣಕ್ಕೆ ನಡೆದೆ.

ಆರು ಜನ. ಕೊನೆಯಲ್ಲಿ ಕಡುಕೆಂಪು ಕೋಟಿನವಳು, ಅಂಚಿನುದ್ದಕ್ಕೂ ನಾನು ಚುಚ್ಚಿದ ಪಿನ್ನುಗಳು ಬಿಸಿಲಿಗೆ ಮಿಣಿಮಿಣಿ ಹೊಳೆಯುತ್ತಿದ್ದವು. ಫಲಕದ ಕೆಳಗೆ ಸೀಟಿಯಮ್ಮ ಒದ್ದೆ ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದಳು.

“ನನ್ನನ್ನು ಯಾಕೆ ಕರೀಲಿಲ್ಲ?” ಎಂದೆ.

“ಕರೀಲಿಲ್ವಾ? ಪ್ಲಾಟ್‌ಫಾರ್ಮಲ್ಲಿ ನಿಲ್ಲಿಸಿ ಹೇಳಿದೆನಲ್ಲ! ಎಂದಿನ ಹಾಗೆ ನೀವೇ ಬರಬೇಕು ಅಂದೆ, ಖುಷಿಯಿಂದ ತಲೆ ಆಡಿಸಿದಿರಿ. ನೀವು ಕನ್ನಡಕ ಹಾಕಿರಲಿಲ್ಲ ಆವತ್ತು. ಚೆನ್ನಾಗೇ ಕಾಣ್ತಿದ್ರಿ.”

ನಾನು ಮೇಲೆ ಬೆರಳು ತೋರಿಸಿದೆ. “ಅದು ನಾನಲ್ಲ.”

ಸೀಟಿಯಮ್ಮ ಫಲಕ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫಲಕ ನೋಡಿದಳು. ಆಮೇಲೆ ನನ್ನ ಭುಜ ತಟ್ಟಿ, “ಎಲ್ಲರಿಗೂ ಹಾಗೇ ಅನ್ಸುತ್ತೆ ಕಣ್ರೀ. ನನ್ನ ಫೋಟೋನೂ ನನ್ನ ಹಾಗೆ ಬರಲ್ಲ” ಎಂದು ಸಮಾಧಾನ ಹೇಳಿದಳು.

ಇವಳ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತೆಂದು ಇವಳ ಗಂಡನಿಗಿಂತ ನನಗೆ ಚೆನ್ನಾಗಿ ಗೊತ್ತು. ಇವಳಿಗೆ ನನ್ನ ಮುಖ ಗೊತ್ತಿಲ್ಲ. ಹಳೆಯ ಫಲಕದ ಮೇಲೆ ಅಷ್ಟು ವರ್ಷ ನಗುತ್ತ ನಿಂತಿದ್ದವಳು ಹಾಗಾದರೆ ಯಾರು? ಬೆಳಗ್ಗೆ ಬೆಳಗ್ಗೆ ನಾನು ಹೋಗಿ ನೋಡಿ ಬರುತ್ತಿದ್ದೆನಲ್ಲ, ಅದನ್ನು ನೆನೆದು ನಾಚಿಕೆಯಾಯಿತು. ಅಂಗಡಿಗೆ ಬಂದು ಕೂತೆ.

ಸಂಜೆ ಕಣ್ಣಿನವಳು ಬಂದಳು. ಒಂದು ಕೈಯಲ್ಲಿ ಪಿನ್ನಿನ ಕೋಟು, ಇನ್ನೊಂದರಲ್ಲಿ ದೊಡ್ಡ ಚೀಲ. ಚೀಲವನ್ನು ಮೇಜಿನ ಮೇಲೆ ಸುರಿದಳು. ಪ್ಯಾಂಟುಗಳು.

“ನರ್ಸಮ್ಮಂದು, ತಾತಂದು, ಇದು ಪೋಸ್ಟ್‌ಮ್ಯಾನ್‌ದು. ದಾರೀಲಿ ನಿಲ್ಲಿಸಿ ನಿಲ್ಲಿಸಿ ಕೈಗೆ ತುರುಕಿದ್ರು ಅಕ್ಕಾ. ನಾನು ಕಣ್ಣು ನೋಡೋಳು ಅಂದ್ರೆ ಯಾರೂ ಕಿವಿಗೇ ಹಾಕ್ಕೊಳ್ಲಿಲ್ಲ. ಕೊನೆಗೆ ಸೋಮವಾರ ಬನ್ನಿ ಅಂದೆ. ನೀವು ಹಾಗೇ ಹೇಳೋದಲ್ವಾ?”

ಅವಳು ನಗುತ್ತಿದ್ದಳು, ಆದರೆ ಗದ್ದ ನಡುಗುತ್ತಿತ್ತು. “ಗುರುತು ಹಿಡಿದು ಕರೆದ್ರು ಅಂದ್ಕೊಂಡು ನಮ್ಮಮ್ಮನಿಗೆಲ್ಲ ಫೋನ್ ಮಾಡಿ ಹೇಳ್ಬಿಟ್ಟಿದ್ದೆ ಅಕ್ಕ” ಎಂದಳು.

ನಾನು ಕೋಟನ್ನು ಎಳೆದುಕೊಂಡು ಮಷಿನ್ನಿನ ಮುಂದೆ ಕೂತೆ. ಅವಳು, “ಮಷಿನ್ ಸರಿಹೋಯ್ತಾ?” ಎಂದು ಕೇಳಿದಳು. ಹೂಂ ಎಂದೆ. ಅಂಚು ಮಡಿಸಿ ಒಂದೊಂದೇ ಪಿನ್ನು ಕಿತ್ತು ಡಬ್ಬಿಗೆ ಹಾಕುತ್ತ ಹೊಲಿದೆ. ಅವಳು ಎದುರಿಗೆ ಸ್ಟೂಲಿನ ಮೇಲೆ ಕೂತು, ಯಾರೂ ಕೇಳದೆಯೇ ಪ್ಯಾಂಟುಗಳ ಹಳೆಯ ಹೊಲಿಗೆ ಬಿಚ್ಚತೊಡಗಿದಳು. ದೀಪದ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ನನ್ನ ಕಣ್ಣು ಮತ್ತೆ ಅಲ್ಲಿಗೇ ಹೋಯಿತು. ಅವಳ ಮೂಗು ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಇಡೀ ಬಡಾವಣೆಯಲ್ಲಿ ಅದು ಕಾಣುತ್ತಿದ್ದದ್ದು ನನ್ನೊಬ್ಬಳಿಗೆ.