ಬಂಡಿಗೂಟದ ನಿಚ್ಚಣಿಕೆ

ಬಾಚಿಯ ಹಿಂಬದಿಯಿಂದ ಬಾರಿಸಿದ ಮೇಲೆ ಬಂಡಿಯ ಗೂಟ ಅಲುಗಿತು. ಆದಪ್ಪ ಅದನ್ನು ಆಚೀಚೆ ತಿರುವಿ ಕಿತ್ತ. ಬಳಗಾನೂರಿನ ಓಣಿ ಓಣಿಗೂ ಟ್ರ್ಯಾಕ್ಟರ್ ಬಂದ ಮೇಲೆ ಹಿತ್ತಲಲ್ಲಿ ಮೂಕಿ ಊರಿ ಬಿದ್ದಿದ್ದ ಬಂಡಿ ಅದು. ಅವನೇ ಕೈಯಾರೆ ಮಾಡಿದ್ದು. ಕರಿಜಾಲಿಯ ಗೂಟಗಳು, ಒಂದಕ್ಕೂ ಹುಳ ಬಿದ್ದಿರಲಿಲ್ಲ.

ಪಕ್ಕದ ಮನೆಯ ಸುಭಾನಬಿ ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಒಳಗೆ ನುಗ್ಗಿದಳು.

"ಆದಪ್ಪಣ್ಣಾ, ಇನ್ನಾ ಇಲ್ಲೇ ಕುಂತೀಯಲ್ಲ! ಯಮನೂರಕ್ಕ ಇವತ್ತು ಕಾಲುವಿ ನೀರಾಗ ಕಾಲು ಇಳಿಬಿಟ್ಕೊಂಡು ಕುಂತಾಳ. ಕರದ್ರ ಹೊಳ್ಳಿ ಸೈತ ನೋಡವಲ್ಲಳು."

"ಕರದ್ರ ಬರಾಕಿ ಆಗಿದ್ರ ನಿನ್ನೆನ ಬರ್ತಿದ್ಲು. ಕೈ ಹಿಡದು ಎಳದೆ, ಹೆಂಗ ಪರಚ್ಯಾಳ ನೋಡು." ಅವನು ಮುಂಗೈ ತೋರಿಸಿದ. "ನಿಮ್ಮ ಯೂನುಸ ಹುಲ್ಲಿನ ಲೋಡು ಕಟ್ತಾನಲ್ಲ, ಆ ಹಗ್ಗ ತಗೊಂಡು ಬಾ. ಲಗೂನ ಬಾರವ್ವಾ."

ಮಗ ಆಂಜನೇಯನಿಗೆ ಈಜು ಬರುತ್ತಿತ್ತು. ಈ ಸಲ ಕಾಲುವೆಗೆ ನೀರು ಬಿಟ್ಟ ಮೊದಲ ತಿಂಗಳಲ್ಲಿ ಕುರಿಗಳ ಮೈ ತೊಳೆಯುವಾಗ ಮರಿಯೊಂದು ಜಾರಿತು, ಅದರ ಹಿಂದೆ ಇವನು ಜಿಗಿದ. ಮರಿಯನ್ನು ಮೇಲಕ್ಕೆ ದಬ್ಬಿದ. ತಾನು ಹತ್ತಬೇಕೆಂದರೆ ಹಿಡಿಯಲಿಕ್ಕೆ ಏನೂ ಇರಲಿಲ್ಲ. ಎರಡೂ ಕಡೆ ಇಳಿಜಾರು ಸಿಮೆಂಟು, ಅದರ ಮೇಲೆ ಪಾಚಿ. ಪಾಚಿಯಲ್ಲಿ ಅವನ ಉಗುರು ಕೆರೆದ ಗೆರೆಗಳನ್ನು ತಾಯಿ ಯಮನೂರಮ್ಮ ನೋಡಿದ್ದಳು. ಆ ಗೆರೆಗಳ ಮೇಲೆ ಮತ್ತೆ ಪಾಚಿ ಬೆಳೆಯಿತು. ಅವಳು ಮಾತ್ರ ಮಧ್ಯಾಹ್ನವಾದರೆ ಅಲ್ಲಿಗೇ ಹೋಗುವಳು. ಮೊದಮೊದಲು ದಂಡೆಯ ಬೇವಿನ ಬುಡದಲ್ಲಿ ಕೂಡುತ್ತಿದ್ದಳು. ಆಮೇಲೆ ಸಿಮೆಂಟಿನ ಅಂಚಿಗೆ ಬಂದಳು. ಈಗ ನೀರಿಗೇ ಮುಟ್ಟಿದ್ದಳು.

ಒಂದು ಕಾಲಕ್ಕೆ ಆದಪ್ಪ ಬಾವಿಯ ಹೂಳೆತ್ತುವವರಿಗೆ ಹಗ್ಗದ ನಿಚ್ಚಣಿಕೆ ಕಟ್ಟಿಕೊಡುತ್ತಿದ್ದ. ಪುಂಡಿಯ ನಾರನ್ನು ಯಮನೂರಮ್ಮನೇ ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಿದ್ದಳು. ಗೂಟಕ್ಕೆ ಸುತ್ತು ಹಾಕಿ, ಬಿಗಿದು, ನೀರು ಚಿಮುಕಿಸಿದರೆ ಮುಗಿಯಿತು; ನಾರು ಉಬ್ಬಿ ಕಟ್ಟಿಗೆಯನ್ನು ಬಿಡದ ಹಾಗೆ ಹಿಡಿಯುತ್ತಿತ್ತು. ಯೂನುಸನ ನೀಲಿ ನೈಲಾನ್ ಹಗ್ಗ ಬಂದಾಗ ಅವನ ಕೈ ಅದೇ ಸುತ್ತು ಹಾಕಿತು, ಅದೇ ಬಿಗಿ ಬಿಗಿಯಿತು. ಎರಡಾಗಿ ಮಡಚಿದ ಹಗ್ಗದ ಎಳೆಗಳ ನಡುವೆ ಗೂಟಗಳು ಒಂದರ ಕೆಳಗೊಂದು ಕೂತವು. ಎರಡೂ ಎಳೆ ಕೂಡಿಸಿ ತುದಿಗೆ ದಪ್ಪ ಗಂಟು ಹಾಕಿ, ಹೆಗಲಿಗೇರಿಸಿಕೊಂಡು ಓಡಿದ. ಹಿಂದೆ ಸುಭಾನಬಿ.

ಬೇವಿನ ಬುಡಕ್ಕೆ ಹಗ್ಗ ಬಿಗಿದು, ನಿಚ್ಚಣಿಕೆಯನ್ನು ಹೆಂಡತಿಯ ಪಕ್ಕದಲ್ಲೇ ನೀರಿಗೆ ಇಳಿಬಿಟ್ಟ. ಗೂಟಗಳು ಸಿಮೆಂಟಿಗೆ ಬಡಿದ ಸಪ್ಪಳಕ್ಕೆ ಅವಳು ತಲೆಯೆತ್ತಿದಳು.

"ಯಾರಿಗದು?"

"ಬಿದ್ದೋರಿಗೆ."

"ಬಿದ್ದಾಂವ ಹೋದ. ಅವತ್ತು ಎಲ್ಲಿತ್ತಿದು?"

ಆದಪ್ಪ ಬೇವಿನ ಬುಡದ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದ.

"ನಾ ಬೀಳ್ತೀನಂತ ಮಾಡೀಯಲ್ಲ? ಬಾಯಿ ಬಿಟ್ಟು ಹೇಳು."

"ಬೀಳ್ತೀಯೇನು?"

ಅವಳು ಎದ್ದು, ನೀರಿನಂಚಿನ ಗೂಟದ ಮೇಲೆ ಕಾಲಿಟ್ಟಳು. ತೊಯ್ದ ನೈಲಾನು ಗೂಟವನ್ನು ಹಿಡಿಯಲಿಲ್ಲ. ಅದು ಹಗ್ಗದಗುಂಟ ಸರ್ರನೆ ಜಾರಿತು, ಅದರೊಂದಿಗೆ ಅವಳೂ ಜಾರಿದಳು. ಮೇಲಿನ ಗೂಟಗಳೂ ಸಡಿಲಾಗಿ ಇಳಿದು, ಎಲ್ಲವೂ ತುದಿಯ ಗಂಟಿಗೆ ಹೋಗಿ ಕೂಡಿಬಿದ್ದವು. ಯಮನೂರಮ್ಮನ ಒಂದು ಕೈ ಆ ಕಟ್ಟಿಗೆಯ ರಾಶಿಯಲ್ಲಿ ಸಿಕ್ಕಿತ್ತು. ಹರಿವು ಅವಳ ಸೀರೆಯನ್ನು ಜಗ್ಗುತ್ತಿತ್ತು.

"ಹಿಡಿ! ಯಮನೂರೀ, ಗಟ್ಟಿ ಹಿಡಿ!"

ಅವಳು ಅವನನ್ನು ನೋಡಿದಳು. ಅವಳ ಬೆರಳು ಸಡಿಲಾಗುವುದು ಆದಪ್ಪನಿಗೆ ಕಂಡಿತು. ಅವನು ಮತ್ತೆ ಕೂಗಲಿಲ್ಲ. ಸಿಮೆಂಟಿನ ಅಂಚಿಗೆ ಕುಂತು ಪಾಚಿಯ ಮೇಲೆ ಜಾರತೊಡಗಿದ.

"ಏ ಮುದುಕಾ, ನಿಲ್ಲು!" ಯಮನೂರಮ್ಮ ಚೀರಿದಳು. "ನಿನಗ ಈಜು ಬರಂಗಿಲ್ಲ! ಸುಭಾನಬೀ, ಹಿಡಿಯೇ ಅವನ್ನ!"

ಚೀರುತ್ತಲೇ ಇನ್ನೊಂದು ಕೈಯನ್ನೂ ಮೇಲೆತ್ತಿ ಗೂಟಗಳನ್ನು ತಬ್ಬಿಕೊಂಡಳು. ಸುಭಾನಬಿ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಆಮೇಲೆ ಇಬ್ಬರೂ ಬೇವಿಗೆ ಕಾಲು ಕೊಟ್ಟು ಹಗ್ಗ ಜಗ್ಗಿದರು. ಮೊಣಕಾಲು ತರಚಿಕೊಂಡು ಅವಳು ದಂಡೆಗೆ ಬಂದು ಬಿದ್ದಳು.

ಸುಭಾನಬಿ ಒಣಬಟ್ಟೆ ತರಲು ಮನೆಗೆ ಓಡಿದಳು. ಯಮನೂರಮ್ಮ ಕೆಮ್ಮಿ ನೀರು ಕಾರಿದಳು, ಹಗ್ಗದ ತುದಿಯನ್ನು ಹಿಡಿದು ಬೆರಳಲ್ಲಿ ಹೊಸೆದು ನೋಡಿದಳು.

"ಇದೇನು ಪುಂಡಿ ಹಗ್ಗೇನು? ಎಷ್ಟು ನೀರು ಕುಡಿದ್ರೂ ಉಬ್ಬಂಗಿಲ್ಲ. ಗೂಟಕ್ಕ ಕಚ್ಚು ಕೊರದು ಕಟ್ಟಬೇಕಿತ್ತು."

"ಹೂಂ," ಅಂದ ಆದಪ್ಪ.

ಸೊಂಟದಿಂದ ಬಾಚಿ ತೆಗೆದ. ಗೂಟವೊಂದನ್ನು ನೆಲಕ್ಕೆ ಒತ್ತಿದ. ಏಟು ಪಕ್ಕಕ್ಕೆ ಬಿತ್ತು. ಇನ್ನೊಮ್ಮೆ ಹೊಡೆದ, ಗೂಟ ಉರುಳಿತು.

"ಕೊಡಿಲ್ಲಿ."

ಕಾಲುವೆಗೆ ಬೆನ್ನು ಮಾಡಿ ಅವನೆದುರು ಕುಳಿತು, ಯಮನೂರಮ್ಮ ಗೂಟವನ್ನು ಎರಡೂ ಪಾದಗಳಿಂದ ಮೆಟ್ಟಿ ಹಿಡಿದಳು. ಅವನು ಬಾಚಿ ಎತ್ತಿದ. ಮೊದಲ ಚಕ್ಕೆ ಹಾರಿ ಅವಳ ಒದ್ದೆ ಮಡಿಲಲ್ಲಿ ಬಿತ್ತು.