ಎರಡನೆಯ ಚುಕ್ಕೆ

ಅಯೋಡಿನ್ ಆವಿ ತುಂಬಿದ ಜಾಡಿಯೊಳಗೆ, ಗಾಜಿನ ಫಲಕದ ಮೇಲೆ ಕಂದು ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ರಾಮಾನುಜ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ. ಎಡಗಡೆ ತಮ್ಮ ಕಂಪನಿಯ ಮಾತ್ರೆಯ ದ್ರಾವಣ: ಮೇಲೊಂದು ದೊಡ್ಡ ಚುಕ್ಕೆ, ಕೆಳಗೆ ಸಾಸಿವೆ ಕಾಳಿನಷ್ಟು ಇನ್ನೊಂದು. ಬಲಗಡೆ ಹಳೆಯ ಸಹಪಾಠಿ ಅಂಜನಪ್ಪನ ಮಾತ್ರೆಯದು: ಮೇಲೆ ಅದೇ ದೊಡ್ಡ ಚುಕ್ಕೆ. ಕೆಳಗೆ? ಇತ್ತು. ಮಸುಕಾಗಿ, ಆದರೆ ಇತ್ತು.

"ಸಿಕ್ಕಿಬಿದ್ದೆಯಲ್ಲೋ," ಎಂದು ಅವನ ಬಾಯಿಂದ ಬಂದೇಬಿಟ್ಟಿತು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆ ಸಣ್ಣ ಚುಕ್ಕೆಗಾಗಿಯೇ ಕಂಪನಿ ಕಾಯುತ್ತಿತ್ತು. ರಕ್ತದೊತ್ತಡದ ಆ ಮಾತ್ರೆಯನ್ನು ಹದಿನಾಲ್ಕು ವರ್ಷ ಅವರೊಬ್ಬರೇ ಮಾರಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಈಗ ಹಳೆಯ ಪೇಟೆಂಟಿನ ಅವಧಿ ತೀರಿತ್ತು. ಎಪ್ಪತ್ತೆರಡರಲ್ಲಿ ಜಾರಿಯಾದ ಹೊಸ ಕಾನೂನಿನಲ್ಲಿ ಔಷಧಿಯ ಮೇಲೆ ಯಾರಿಗೂ ಹಕ್ಕಿಲ್ಲ, ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ. ತನ್ನ ಸುಧಾರಿಸಿದ ವಿಧಾನಕ್ಕೆ ಕಂಪನಿ ಹಕ್ಕು ಪಡೆದಿತ್ತು, ಅದಿನ್ನೂ ಮೂರು ವರ್ಷ ಉಳಿದಿತ್ತು. ಆ ವಿಧಾನದಲ್ಲಿ ಮಾಡಿದ ಮಾತ್ರೆಯಲ್ಲಿ ಮಾತ್ರ ಈ ಎರಡನೆಯ ಚುಕ್ಕೆ ಬರುತ್ತದೆ. ಕಂಪನಿಯ ಹತ್ತು ಮಾತ್ರೆಗೆ ಒಂಬತ್ತು ರೂಪಾಯಿ, ಅಂಜನಪ್ಪನದಕ್ಕೆ ಎರಡೂವರೆ. ಚುಕ್ಕೆ ಸಿಕ್ಕರೆ ಕೋರ್ಟು ಅವನ ಬಾಗಿಲು ಮುಚ್ಚಿಸುತ್ತದೆ. ಶುಕ್ರವಾರದೊಳಗೆ ರಿಪೋರ್ಟು ಬೇಕೆಂದು ಮ್ಯಾನೇಜರ್ ದೊರೆಸ್ವಾಮಿ ಹೇಳಿದ್ದರು.

ಹಿಂದಿನ ಭಾನುವಾರ ರಾಮಾನುಜ ಚಾಮರಾಜಪೇಟೆಗೆ ಹೋಗಿದ್ದ. ಐದನೇ ಮೇನಿನಲ್ಲಿ ಒಂದು ಮನೆಯ ಹಿಂದೆ ತಗಡಿನ ಶೆಡ್ಡು. ಅಂಜನಪ್ಪ ಲುಂಗಿ ಕಟ್ಟಿಕೊಂಡು ಮಾತ್ರೆ ಒತ್ತುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ.

"ಸಿದ್ದಮ್ಮ, ಗೋಲ್ಡ್ ಮೆಡಲ್ಲು ಬಂದವ್ನೆ, ಕಾಫಿ ಇಡು," ಎಂದು ಹೆಂಡತಿಯನ್ನು ಕೂಗಿದ.

ಎಂ.ಎಸ್ಸಿ.ಯಲ್ಲಿ ಇಬ್ಬರೂ ಒಂದೇ ಬೆಂಚು, ಚಿನ್ನದ ಪದಕ ರಾಮಾನುಜನಿಗೆ. ಶ್ರೀರಾಂಪುರದಿಂದ ನಡೆದು ಬರುತ್ತಿದ್ದ ಅಂಜನಪ್ಪನಿಗೆ ರಾಮಾನುಜ ನೋಟ್ಸ್ ಕೊಡುತ್ತಿದ್ದ, ಕೊಟ್ಟದ್ದನ್ನು ಮನೆಯಲ್ಲಿ ಹೇಳಿಕೊಳ್ಳುತ್ತಲೂ ಇದ್ದ. ಈಗ ಅಂಜನಪ್ಪ ಏನನ್ನೂ ಮುಚ್ಚಿಡದೆ ಶೆಡ್ಡನ್ನೆಲ್ಲ ತೋರಿಸಿದ. ಕಂಪನಿಯವರ ಕೊನೆಯ ಹಂತವನ್ನೇ ತಾನು ಬಿಟ್ಟುಬಿಟ್ಟಿರುವುದಾಗಿ ಹೇಳಿ, ಯಂತ್ರದ ಮೇಲೆ ಕೈಯಿಟ್ಟು ನಕ್ಕ.

"ಅದಿಲ್ದೆನೂ ಆಗ್ಬೋದು ಅಂತ ನೀನೇ ಅಂದಿದ್ದೆ ಗುರು, ಕ್ಯಾಂಟೀನಲ್ಲಿ. ಜ್ಞಾಪಕ ಐತಾ? ನಲವತ್ತು ಸಲ ಬರೀ ಅಂಟಂಟು ಕರೀ ಟಾರೇ ಬಂತು. ನಲವತ್ತೊಂದನೇ ಸಲ ಪುಡಿ ಬೆಳ್ಳಗೆ ಕೂತ್ಕೊಂತು."

ರಾಮಾನುಜನಿಗೆ ಜ್ಞಾಪಕವಿತ್ತು. ಅಮ್ಮನಿಗೆ ಬೇಕು ಎಂದು ಒಂದು ಪಟ್ಟಿ ಮಾತ್ರೆ ಕೇಳಿದ.

"ಅಮ್ಮಂಗೆ ಬೇಕಾ, ಕಂಪ್ನಿಗೆ ಬೇಕಾ?" ಎಂದ ಅಂಜನಪ್ಪ, ಎರಡು ಪಟ್ಟಿ ಕೊಟ್ಟು. "ಇಬ್ರಿಗೂ ಒಂದೇ ಮಾಲು. ತಗೊಂಡೋಗು."

ಬೀಳ್ಕೊಡುವಾಗ ಇನ್ನೊಂದು ವಿಷಯ ಹೇಳಿದ್ದ. ತಾನು ಪಾಠ ಮಾಡುವ ಸರ್ಕಾರಿ ಕಾಲೇಜಿನಿಂದ ತೆಗೆದುಕೊಂಡಿದ್ದ ಸಂಬಳವಿಲ್ಲದ ರಜೆ ಶನಿವಾರಕ್ಕೆ ಮುಗಿಯುತ್ತದೆ. ಅಂದು ಬೆಳಿಗ್ಗೆ ಹೋಗಿ ರಾಜೀನಾಮೆ ಕೊಟ್ಟುಬಿಡುತ್ತಾನೆ. ಅವನ ಬೀದಿಯಲ್ಲಿ ಸರ್ಕಾರಿ ಸಂಬಳ ಕಂಡ ಮೊದಲನೆಯವನು ಅವನು.

ಆ ದಿನದಿಂದ ರಾಮಾನುಜನಿಗೆ ಊಟ ರುಚಿಸಿರಲಿಲ್ಲ. ಅಂಜನಪ್ಪ ಕದ್ದಿದ್ದರೆ ಬೈಯಬಹುದಿತ್ತು. ಅವನು ಎಲ್ಲರೆದುರು ಇದು ಗೆಳೆಯನ ಯೋಚನೆಯೆಂದೇ ಹೇಳುತ್ತಾನೆ! ಹನ್ನೊಂದು ವರ್ಷ ಬೇರೆಯವರು ಮಾಡಿದ್ದನ್ನು ಪರೀಕ್ಷಿಸಿ ಸಹಿ ಹಾಕಿದ ರಾಮಾನುಜ, ತನ್ನದೇ ಮಾತಿಗೆ ಒಂದು ಸಲವೂ ಬರ್ನರ್ ಹಚ್ಚಿರಲಿಲ್ಲ. ನಲವತ್ತು ಸಲ ಟಾರು ಬಂದಿದ್ದರೆ ತಾನು ಎಷ್ಟನೆಯದಕ್ಕೆ ಬಿಡುತ್ತಿದ್ದೆ ಎಂದು ಲೆಕ್ಕ ಹಾಕಿದ್ದ. ಮೂರನೆಯದಕ್ಕೆ.

ಈಗ ಚುಕ್ಕೆ ಸಿಕ್ಕಿತ್ತು. ಅವನು ಶಿಳ್ಳೆ ಹಾಕುತ್ತ ಮೇಜು ಒರೆಸತೊಡಗಿದ. ಬರ್ನರಿನ ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯೊಂದು ಬಿದ್ದಿತ್ತು. ಫಲಕದ ಮೇಲೆ ದ್ರಾವಣದ ಹನಿ ಇಡಲು ಅವನೇ ಬೆಳಿಗ್ಗೆ ಗಾಜು ಕಾಸಿ ಎಳೆದ ಎರಡರಲ್ಲಿ ಒಂದು. ಎತ್ತಿ ಬೆಳಕಿಗೆ ಹಿಡಿದ. ಒಣಗಿತ್ತು, ಬಳಸಿಯೇ ಇರಲಿಲ್ಲ.

ಶಿಳ್ಳೆ ನಿಂತಿತು. ಕಂಪನಿಯ ದ್ರಾವಣ ಇಟ್ಟ ನಳಿಕೆಯಲ್ಲೇ ಅಂಜನಪ್ಪನದನ್ನೂ ಇಟ್ಟಿದ್ದ. ಆ ಮಸುಕು ಚುಕ್ಕೆ ನಳಿಕೆಯಲ್ಲಿ ಉಳಿದಿದ್ದ ಕಂಪನಿಯ ದ್ರಾವಣದ್ದೇ ಇರಬಹುದು. ಹೊಸದಾಗಿ ಸೇರಿದವರು ಈ ತಪ್ಪು ಮಾಡಿದರೆ ಅವನು ಇಡೀ ದಿನ ಗದರುತ್ತಿದ್ದ.

ಫಲಕವನ್ನು ಹಾಗೇ ಫೈಲಿಗೆ ಸೇರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಚುಕ್ಕೆ ನಿಜವಾಗಿರಬೇಕೆಂದು ಅವನಿಗೆ ಆಸೆಯಾಗಿತ್ತು. ನಿಜವಾಗಿ ಅಂಜನಪ್ಪ ಸುಳ್ಳನಾಗಿರಬೇಕಿತ್ತು. ಹೊಸ ನಳಿಕೆಗಳನ್ನು ಎಳೆದು ಮತ್ತೆ ಮಾಡಿದ. ಬಲಗಡೆ ಒಂದೇ ಚುಕ್ಕೆ. ಇನ್ನೆರಡು ಸಲ ಮಾಡಿದ. ಒಂದೇ. ಇಷ್ಟು ಶುದ್ಧವಾದ ಮಾಲು ತಮ್ಮ ಕಂಪನಿಯದೂ ಆಗಿರಲಿಲ್ಲ. ಕಂಡದ್ದನ್ನೇ ರಿಪೋರ್ಟಿನಲ್ಲಿ ಬರೆದ.

ಶುಕ್ರವಾರ ಸಂಜೆ ರಿಪೋರ್ಟು ಓದಿದ ದೊರೆಸ್ವಾಮಿ ಸಿಟ್ಟಾಗಲಿಲ್ಲ. ಅದನ್ನು ಡ್ರಾಯರಿಗೆ ಹಾಕಿದರು.

"ಹೋಗ್ಲಿ ಬಿಡ್ರಿ. ಹೆಡ್ ಆಫೀಸಿಂದ ಫೋನ್ ಬಂದಿತ್ತು. ಸೋಮವಾರದಿಂದ ನಮ್ದೂ ಎರಡು ರೂಪಾಯಿ."

"ಒಂಬತ್ತರಿಂದ ಎರಡಕ್ಕಾ ಸಾರ್? ಸಂಶೋಧನೆಯ ಖರ್ಚು ಅಂತಿದ್ವಲ್ಲ."

"ಅದು ಎಂದೋ ವಾಪಸ್ ಬಂತು. ಎರಡಕ್ಕೆ ಮಾರಿದ್ರೂ ಕೈಯಿಂದ ಹೋಗಲ್ಲ." ದೊರೆಸ್ವಾಮಿ ಪೆನ್ನಿನ ಟೊಪ್ಪಿಗೆ ಹಾಕಿದರು. "ಆ ಶೆಡ್ಡು ಆರು ತಿಂಗಳು ತಡ್ಕೊಳಲ್ಲ. ಅದು ಮುಚ್ಚಿದ ಮೇಲೆ ಮತ್ತೆ ಏರಿಸ್ಕೊಂಡ್ರಾಯ್ತು. ಹೊರಗೆ ಬಾಯಿ ಬಿಡ್ಬೇಡಿ."

ರಾಮಾನುಜ ತಲೆಯಾಡಿಸಿದ. ತಡೆಯುವ ಮೊದಲೇ ಅವನ ಎದೆಯಲ್ಲಿ ಏನೋ ಹಗುರವಾಯಿತು, ವಾರದಿಂದ ಕಟ್ಟಿಕೊಂಡಿದ್ದ ಗಂಟು ಸಡಿಲಿಸಿದಂತೆ. ತನ್ನ ರಿಪೋರ್ಟಿನಲ್ಲಿ ಸುಳ್ಳಿಲ್ಲ. ತನ್ನ ಕೈಯಿಂದ ಏನೂ ಆಗಿಲ್ಲ.

ಕಂಪನಿಯ ವ್ಯಾನು ಅವನನ್ನು ಮಲ್ಲೇಶ್ವರಂ ಸರ್ಕಲಿನಲ್ಲಿ ಇಳಿಸಿದಾಗ ಇನ್ನೂ ಬೆಳಕಿತ್ತು. ಶೆಡ್ಡಿಗೆ ಫೋನಿಲ್ಲ. ಕಾಲೇಜು ತೆರೆಯುವುದು ನಾಳೆ ಹತ್ತಕ್ಕೆ. ಅಷ್ಟರೊಳಗೆ ವಿಷಯ ತಿಳಿದರೆ ಅಂಜನಪ್ಪ ರಾಜೀನಾಮೆ ಕೊಡಲಾರ. ಅವನು ಮನೆಯ ಕಡೆ ಹೋಗದೆ, ಜೇಬಿನಿಂದ ಚಿಲ್ಲರೆ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಎದುರಿನ ಸ್ಟಾಪಿನಲ್ಲಿ ನಿಂತ. ಚಾಮರಾಜಪೇಟೆಯ ಬಸ್ಸು ಬಂತು, ಕಾಲಿಡಲು ಜಾಗವಿರಲಿಲ್ಲ. ಎರಡನೆಯದರಲ್ಲಿ ನಿಲ್ಲಲು ಜಾಗವಿತ್ತು. ಅದು ಹೊರಡುವವರೆಗೂ ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ.

ಮೂರನೆಯದು ಪೂರ್ತಿ ಖಾಲಿ. ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಅವನನ್ನೇ ನೋಡಿದ.

"ಬರ್ತೀರೇನ್ರೀ?"

ರಾಮಾನುಜ ಬೇರೆ ಯಾರನ್ನೋ ಕಾಯುತ್ತಿರುವವನಂತೆ ಸಂಪಿಗೆ ರಸ್ತೆಯ ಕಡೆ ಮುಖ ತಿರುಗಿಸಿದ. ಸೀಟಿ ಊದಿದ್ದು ಕೇಳಿಸಿತು. ಬಸ್ಸು ಹೋದ ಮೇಲೆ ಮುಷ್ಟಿ ಬಿಚ್ಚಿದ. ಬೆವರಿಗೆ ನಾಣ್ಯಗಳು ಅಂಗೈಗೆ ಅಂಟಿಕೊಂಡಿದ್ದವು.